ದಂಡಿನ ಹಿಂದೆ ಬಂದ ಕುಂಚ

1791ರ ಮಾರ್ಚ್ 21ರ ರಾತ್ರಿ ಬೆಂಗಳೂರಿನ ಕೋಟೆ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಕೈಸೇರಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಾವನದುರ್ಗ ಬಿತ್ತು. ಮರುವರ್ಷ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ. ಮೂರನೇ ಮೈಸೂರು ಯುದ್ಧದ ಕಥೆಯನ್ನು ಶಾಲೆಯ ಪುಸ್ತಕ ಇಷ್ಟಕ್ಕೇ ಮುಗಿಸುತ್ತದೆ. ಆದರೆ ಆ ದಂಡಿನಲ್ಲಿ ಪೆನ್ಸಿಲ್ಲು, ಕಾಗದ, ಬಣ್ಣ ಹೊತ್ತು ನಡೆದವರೂ ಇದ್ದರು. ಯುದ್ಧ ನಿಂತ ಎರಡೇ ವರ್ಷಕ್ಕೆ, ಮೈಸೂರು ಸೀಮೆಯ ಬೆಟ್ಟ, ಬುರುಜು, ಮಂಟಪಗಳೆಲ್ಲ ದೊಡ್ಡ ಅಳತೆಯ ಚಿತ್ರಸಂಪುಟಗಳಾಗಿ ಲಂಡನ್ನಿನಲ್ಲಿ ಮಾರಾಟಕ್ಕೆ ಬಂದಿದ್ದವು.

ಇವರಲ್ಲಿ ವೃತ್ತಿಯಿಂದಲೇ ಚಿತ್ರಕಾರನಾಗಿದ್ದವನು ರಾಬರ್ಟ್ ಹೋಮ್. ಹಲ್ ಎಂಬ ಬಂದರು ಪಟ್ಟಣದವನು. ಕೆಲಸ ಹುಡುಕಿಕೊಂಡು 1791ರಲ್ಲಿ ಮದರಾಸಿಗೆ ಬಂದು ದಂಡು ಸೇರಿಕೊಂಡ. 1794ರಲ್ಲಿ ಬಂದ ಅವನ ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ ಪುಸ್ತಕದಲ್ಲಿ ಚಿತ್ರಗಳ ಜೊತೆಗೆ ನಕ್ಷೆಗಳೂ ಇವೆ, ಒಂದೊಂದು ಸ್ಥಳದ ವಿವರಣೆಯೂ ಇದೆ. ಸ್ಥಳದಲ್ಲೇ ಕೂತು ಬರೆದ ಚಿತ್ರಗಳಿವು ಎಂದು ಶೀರ್ಷಿಕೆಪುಟದಲ್ಲೇ ಅಚ್ಚಾಗಿದೆ. ಅದು ಸುಮ್ಮನೆ ಹಾಕಿದ ಮಾತಲ್ಲ, ವ್ಯಾಪಾರದ ಮಾತು. ಯುದ್ಧದ ಕೊನೆಗೆ ಮೈಸೂರಿನ ಸುಲ್ತಾನ ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿ ಒಪ್ಪಿಸಿದ ದೃಶ್ಯವನ್ನು ಆ ಕಾಲದ ಹಲವರು ಬರೆದರು. ಅವರಲ್ಲಿ ಒಬ್ಬನಾದ ಮೇದರ್ ಬ್ರೌನ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಹೋಮ್ ಬರೆದ ಅದೇ ಘಟನೆಯ ವರ್ಣಚಿತ್ರದ ಒಂದು ಅಂಚಿನಲ್ಲಿ ಚಿತ್ರದ ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡ ಒಬ್ಬ ನಿಂತಿದ್ದಾನೆ. ಅದು ಅವನೇ. ನಾನು ಅಲ್ಲಿದ್ದೆ ಎಂದು ಸಾಕ್ಷಿ ಹೇಳಿಕೊಂಡ ಹಾಗೆ.

ಉಳಿದವರು ಸೈನಿಕರು. ರಾಬರ್ಟ್ ಕೋಲ್‌ಬ್ರೂಕ್ ಭೂಮಾಪನದವನು, ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದವನು. ಅವನ ಸಂಪುಟದಲ್ಲಿ ಹನ್ನೆರಡು ದೃಶ್ಯಗಳು. ಅಲೆಕ್ಸಾಂಡರ್ ಅಲನ್‌ನದೂ 1794ರ ಪುಸ್ತಕ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಅರಮನೆಯೊಳಗೆ ಶಾಂತಿಧ್ವಜ ಹಿಡಿದು ಹೋಗಿ ಟಿಪ್ಪುವಿನ ಮಕ್ಕಳ ಜೊತೆ ಮಾತಾಡಿದ ಅಧಿಕಾರಿ ಇವನೇ. ಜೇಮ್ಸ್ ಹಂಟರ್ ಫಿರಂಗಿ ದಳದ ಲೆಫ್ಟಿನೆಂಟ್. 1792ರಲ್ಲೇ ತೀರಿಕೊಂಡ; ಅವನ ಚಿತ್ರಗಳ ಪುಸ್ತಕ ಎಡ್ವರ್ಡ್ ಓರ್ಮ್ ಎಂಬ ಪ್ರಕಾಶಕನ ಕೈಯಲ್ಲಿ ಹೊರಬಂದದ್ದು 1805ರ ಹೊತ್ತಿಗೆ.

ಸಿಪಾಯಿಗಳಿಗೆ ಚಿತ್ರ ಬರೆಯುವುದು ಹೇಗೆ ಬಂತು? ಕ್ಯಾಮೆರಾ ಇಲ್ಲದ ಕಾಲದಲ್ಲಿ ಶತ್ರುವಿನ ಕೋಟೆ, ಕಣಿವೆ, ಹೊಳೆಯ ದಾಟುಜಾಗ ಇವನ್ನು ಬರೆದುಕೊಳ್ಳುವುದು ಯುದ್ಧವಿದ್ಯೆಯ ಭಾಗವೇ ಆಗಿತ್ತು. ವೂಲ್‌ವಿಚ್‌ನ ಸೇನಾ ಅಕಾಡೆಮಿಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ಪಾಲ್ ಸ್ಯಾಂಡ್‌ಬಿ. ಅಕ್ವಾಟಿಂಟ್ ಎಂಬ ಮುದ್ರಣ ವಿಧಾನವನ್ನು ಇಂಗ್ಲೆಂಡಿನಲ್ಲಿ ಜನಪ್ರಿಯಗೊಳಿಸಿದವನೂ ಅವನೇ. ಕೋಲ್‌ಬ್ರೂಕ್, ಹಂಟರ್ ಇವರ ಚಿತ್ರಗಳು ಅಚ್ಚಾದದ್ದು ಈ ವಿಧಾನದಲ್ಲಿ.

ಅಕ್ವಾಟಿಂಟ್ ಕೆಲಸ ನಿಧಾನದ್ದು. ನುಣುಪಾಗಿ ಉಜ್ಜಿದ ತಾಮ್ರದ ತಗಡಿನ ಮೇಲೆ ರಾಳದ ಪುಡಿಯನ್ನು ತೆಳ್ಳಗೆ ಉದುರಿಸಿ ಬಿಸಿ ಮಾಡಿದರೆ ಪುಡಿಯ ಕಣಗಳು ತಗಡಿಗೆ ಅಂಟಿಕೊಳ್ಳುತ್ತವೆ. ಅದನ್ನು ಆಮ್ಲದಲ್ಲಿ ಅದ್ದಿದಾಗ ಕಣಗಳ ನಡುವಿನ ಸಂದುಗಳಲ್ಲಿ ಮಾತ್ರ ತಾಮ್ರ ಕೊರೆಯುತ್ತದೆ. ಆಕಾಶದಂಥ ತಿಳಿ ಭಾಗಕ್ಕೆ ಸ್ವಲ್ಪ ಕೊರೆದರೆ ಸಾಕು. ತಗಡು ಹೊರತೆಗೆದು ಅಷ್ಟು ಭಾಗಕ್ಕೆ ವಾರ್ನಿಷ್ ಬಳಿದು ಮತ್ತೆ ಅದ್ದಬೇಕು. ಬೆಟ್ಟದ ಪಕ್ಕೆಗೆ ಇನ್ನಷ್ಟು ಹೊತ್ತು, ಮರದ ನೆರಳಿಗೆ ಅದಕ್ಕೂ ಹೆಚ್ಚು. ಆಮ್ಲ ಎಷ್ಟು ಹೊತ್ತು ಕಚ್ಚಿತೋ ಅಷ್ಟು ಶಾಯಿ ಹಿಡಿಯುತ್ತದೆ. ಅಚ್ಚಾದ ಹಾಳೆಗೆ ಮತ್ತೆ ಕೈಯಿಂದಲೇ ಜಲವರ್ಣ ಬಳಿಯುತ್ತಿದ್ದರು. ಹೀಗಾಗಿ ಒಂದೇ ತಗಡಿನ ಎರಡು ಪ್ರತಿಗಳು ಪೂರ್ತಿ ಒಂದೇ ತರ ಇರುವುದಿಲ್ಲ. ಭೂತಗನ್ನಡಿ ಹಿಡಿದರೆ ಆಕಾಶದಲ್ಲಿ ರಾಳ ಬಿಟ್ಟ ಸಣ್ಣ ಸಣ್ಣ ಉಂಗುರದಂಥ ಬಲೆ ಕಾಣುತ್ತದೆ.

ಇಷ್ಟು ದುಡಿಮೆಯ ಪುಸ್ತಕ ಅಗ್ಗವಾಗಿರಲು ಸಾಧ್ಯವೇ? ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಚಿಕ್ಕಪ್ಪ–ಮಗನ ಜೋಡಿ 1795ರಿಂದ 1808ರವರೆಗೆ ಹೊರತಂದ ‘ಓರಿಯೆಂಟಲ್ ಸೀನರಿ’ಯ 144 ಚಿತ್ರಗಳ ಪೂರ್ತಿ ಕಟ್ಟಿಗೆ 210 ಪೌಂಡ್. ಇವರೂ 1792ರಲ್ಲಿ ಬೆಂಗಳೂರಿಗೆ ಬಂದಿದ್ದರು, ಸೈನ್ಯ ತುಳಿದ ಹಾದಿಯಲ್ಲೇ. ಕೊಂಡವರು ಶ್ರೀಮಂತರು. ಅವರಿಗೆ ಬೇಕಾಗಿದ್ದದ್ದು ಗೆದ್ದ ಸೀಮೆಯ ಸೊಬಗು.

ಹಾಗಾಗಿ ಈ ಚಿತ್ರಗಳನ್ನು ಕಣ್ಣುಮುಚ್ಚಿ ನಂಬಬಾರದು. ಆಗಿನ ಇಂಗ್ಲಿಷ್ ಅಭಿರುಚಿಗೆ ಭೂದೃಶ್ಯವೆಂದರೆ ಒಂದು ಪಾಕ ಸಿದ್ಧವಿತ್ತು: ಮುಂದೆ ಒಂದು ಬಾಗಿದ ಮರ, ಪಕ್ಕದಲ್ಲಿ ನಾಲ್ಕು ಜನ, ನಡುವೆ ನೀರು, ಹಿಂದೆ ಮಂಜು ಕವಿದ ಬೆಟ್ಟ. ಸಾವನದುರ್ಗವನ್ನೇ ನೋಡಿ. ಮಾಗಡಿ ಕಡೆಯಿಂದ ಅದನ್ನು ಕಂಡವರಿಗೆ ಗೊತ್ತು, ಕರಿಗುಡ್ಡ ಬಿಳಿಗುಡ್ಡ ಎರಡೂ ಸೇರಿದ ಆ ಬಂಡೆಗೆ ಯಾರೂ ಎತ್ತರ ಸೇರಿಸಬೇಕಾಗಿಲ್ಲ. ಆದರೂ ಸೇರಿಸಿದ್ದಾರೆ. ಕೋಟೆ ದುರ್ಗಮವಾಗಿ ಕಂಡಷ್ಟೂ ಗೆದ್ದವನ ಹೆಚ್ಚುಗಾರಿಕೆ ತಾನೇ? ಊರ ಹೆಸರುಗಳ ಪಾಡಂತೂ ಕೇಳಬೇಡಿ. ನಮ್ಮ ಹುತ್ರಿದುರ್ಗ ಅಲ್ಲಿ ‘ಔಟ್ರಡ್ರೂಗ್’.

ಕಟ್ಟಡಗಳ ವಿಷಯದಲ್ಲಿ ಮಾತ್ರ ಇವರ ಕೈ ನಿಖರ. ಬುರುಜಿನ ಸುತ್ತು, ಬಾಗಿಲ ಕಮಾನು ತಪ್ಪಾಗಿ ಬರೆದರೆ ಮೇಲಧಿಕಾರಿ ಬಿಡುತ್ತಿರಲಿಲ್ಲ. ಬೆಂಗಳೂರು ಕೋಟೆಯ ಬಹುಭಾಗ ಈಗಿಲ್ಲ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಎದುರಿನ ಡೆಲ್ಲಿ ಗೇಟು, ಅದರ ಪಕ್ಕದ ಒಂದಿಷ್ಟು ಗೋಡೆ ಉಳಿದಿವೆ. ಅದೇ ಬಾಗಿಲನ್ನು ಹಂಟರ್ ಬರೆದಿದ್ದಾನೆ. ಅರಮನೆಗೆ ಹೋಗುವ ಬೀದಿಯನ್ನು, ಟಿಪ್ಪು ಅರಮನೆಯ ಮುಂಭಾಗವನ್ನು ಬರೆದಿದ್ದಾನೆ. ಹದಿನೆಂಟನೇ ಶತಮಾನದ ಬೆಂಗಳೂರು ಕಣ್ಣಿಗೆ ಹೇಗಿತ್ತೆಂದು ಕೇಳಿದರೆ ತೋರಿಸಲು ನಮ್ಮಲ್ಲಿರುವುದು ಹೆಚ್ಚಾಗಿ ಗೆದ್ದವರು ಬರೆದ ಈ ಹಾಳೆಗಳೇ.

ನನ್ನನ್ನು ಕೇಳಿದರೆ, ಇವೆಲ್ಲವುಗಳಿಗಿಂತ ಬೆಲೆಬಾಳುವ ಚಿತ್ರಗಳು ಅಷ್ಟೇನೂ ಚಂದವಿಲ್ಲದ ಇನ್ನೊಂದು ಪ್ರವಾಸಗ್ರಂಥದಲ್ಲಿವೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ವೈದ್ಯ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರ್ ಸುತ್ತಿದ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಬರವಣಿಗೆಯಲ್ಲಿ ಬಾಗಿದ ಮರಗಳಿಲ್ಲ. ನೇಗಿಲು, ಕುಂಟೆ, ಕೂರಿಗೆಯಂಥ ಸಾಮಾನುಗಳ ರೇಖಾಚಿತ್ರಗಳಿವೆ. ತೆರಿಗೆ ಎಷ್ಟು ಬಂದೀತು ಎಂದು ಲೆಕ್ಕ ಹಾಕುವವರ ಪುಸ್ತಕ ಅದು, ಒಪ್ಪೋಣ. ಆದರೂ ಕೂರಿಗೆಯ ಬಟ್ಟಲಿಗೆ ಕಾಳು ಬಿಟ್ಟು ಬಿತ್ತುವ ರೈತನ ಜಾಣ್ಮೆಯನ್ನು ಕಂಡು ಬರೆದವನು ಅವನು.

ಈ ಚಿತ್ರಸಂಪುಟಗಳಲ್ಲಿ ಎಷ್ಟೋ ಇಂದು ಇಡಿಯಾಗಿ ಸಿಗುವುದಿಲ್ಲ. ಹಾಳೆ ಬಿಡಿಸಿ ಒಂದೊಂದಾಗಿ ಚೌಕಟ್ಟು ಹಾಕಿ ಮಾರಿದರೆ ವ್ಯಾಪಾರಿಗೆ ಲಾಭ ಹೆಚ್ಚು. ಕೊಳ್ಳುವ ಆಸೆ ಇದ್ದವರು ಹಾಳೆಯನ್ನು ಬೆಳಕಿಗೆ ಹಿಡಿದು ಕಾಗದದ ನೀರುಗುರುತು ನೋಡಿ; ಅದರಲ್ಲಿ ವರ್ಷವಿದ್ದು, ಅದು ಪುಸ್ತಕದ ವರ್ಷಕ್ಕಿಂತ ಈಚಿನದಾದರೆ ನಿಮ್ಮ ಕೈಯಲ್ಲಿರುವುದು ಹಳೆಯ ತಗಡಿನಿಂದ ತಡವಾಗಿ ತೆಗೆದ ಪ್ರತಿ. ತಗಡು ಒತ್ತಿದ ತಗ್ಗು ಅಂಚಿನಲ್ಲಿ ಎಲ್ಲೂ ಕಾಣದಿದ್ದರೆ ಜೇಬಿಗೆ ಕೈ ಹಾಕುವ ಮುನ್ನ ಇನ್ನೊಮ್ಮೆ ಯೋಚಿಸಿ. ಬರೀ ನೋಡುವವರಿಗೆ ಖರ್ಚೇ ಇಲ್ಲ: ಹೋಮ್, ಹಂಟರ್ ಚಿತ್ರಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಮುಂದಿನ ಸಲ ಮಾರುಕಟ್ಟೆಗೆ ಹೋದಾಗ ಹಂಟರ್‌ನ ಚಿತ್ರವನ್ನು ಮೊಬೈಲಿನಲ್ಲಿ ತೆರೆದುಕೊಂಡು ಡೆಲ್ಲಿ ಗೇಟಿನ ಮುಂದೆ ನಿಂತು ಹೋಲಿಸಿ ನೋಡಿ.