ಎದೆನೋವು ಹೋದ ಮಾತ್ರಕ್ಕೆ ಹೃದಯ ಸರಿಹೋಯಿತೇ?

‘ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತೆ, ಐದು ನಿಮಿಷ ಕೂತರೆ ಹೋಗುತ್ತೆ. ಗ್ಯಾಸ್ಟ್ರಿಕ್ ಇರಬೇಕು, ಬಿಡಿ.’ ಈ ಮಾತು ಕೇಳಿ ಕೇಳಿ ರೋಸಿಹೋಗಿದೆ. ಓಂಕಾಳು ನೀರು ಕುಡಿದುಕೊಂಡೇ ತಿಂಗಳುಗಟ್ಟಲೆ ದಿನ ತಳ್ಳುವವರಿದ್ದಾರೆ. ಶ್ರಮಪಟ್ಟಾಗ ಬಂದು ಕೂತಾಗ ಹೋಗುವ ನೋವು ಹೃದಯದ್ದೇ ಇರಬಹುದೆಂದು ಮೊದಲು ಶಂಕಿಸಬೇಕು. ಅದನ್ನೇ ‘ಏನೂ ಇಲ್ಲ’ ಎನ್ನಲು ಪುರಾವೆ ಮಾಡಿಕೊಂಡರೆ ಹೇಗೆ?

ನೋವು ಹೋಗುವುದು ಬೇರೆ, ಹೃದಯದ ಸ್ನಾಯುವಿನ ಬಲ ಮರಳುವುದು ಬೇರೆ. ಹೃದಯದ ಒಂದು ಭಾಗಕ್ಕೆ ರಕ್ತ ಹರಿಯುವುದು ನಿಂತರೆ ಅರೆ ನಿಮಿಷದೊಳಗೇ ಆ ಭಾಗದ ಸ್ನಾಯು ಸಂಕುಚಿಸುವುದನ್ನು ಬಿಡುತ್ತದೆ. 1975ರಲ್ಲಿ ಸಂಶೋಧಕ ಹೇಂಡ್ರಿಕ್ಸ್ ಮತ್ತು ಸಂಗಡಿಗರು ನಾಯಿಗಳ ಹೃದಯದ ರಕ್ತನಾಳವನ್ನು 15 ನಿಮಿಷ ಮುಚ್ಚಿ ತೆರೆದರು. ರಕ್ತ ಮೊದಲಿನಂತೆ ಹರಿಯಿತು. ಆ ಭಾಗದ ಸ್ನಾಯು ಮಾತ್ರ ಹಲವು ಗಂಟೆ ಸರಿಯಾಗಿ ಸಂಕುಚಿಸಲಿಲ್ಲ. ಜೀವಕೋಶಗಳೇನೂ ಸತ್ತಿರಲಿಲ್ಲ. ರಕ್ತ ಮರಳುವಾಗ ಹುಟ್ಟುವ ಫ್ರೀ ರ‍್ಯಾಡಿಕಲ್‌ಗಳು, ಕೋಶದೊಳಗೆ ಕ್ಯಾಲ್ಸಿಯಂ ಏರುಪೇರಾಗುವುದು ಈ ದೌರ್ಬಲ್ಯಕ್ಕೆ ಕಾರಣ. 1982ರಲ್ಲಿ ಬ್ರೌನ್‌ವಾಲ್ಡ್ ಮತ್ತು ಕ್ಲೋನರ್ ಇದನ್ನು ‘ಸ್ಟನಿಂಗ್’ (ಮರವಟ್ಟುವಿಕೆ) ಎಂದು ಕರೆದರು.

ಒಮ್ಮೆಯಾದರೆ ಸ್ನಾಯು ಚೇತರಿಸಿಕೊಳ್ಳುತ್ತದೆ. ಚೇತರಿಸಿಕೊಳ್ಳುವ ಮೊದಲೇ ಮತ್ತೆ ರಕ್ತ ಕಡಿಮೆಯಾದರೆ, ಮತ್ತೆ ಮತ್ತೆ ಹಾಗೆಯೇ ಆದರೆ, ದೌರ್ಬಲ್ಯ ಕೂಡುತ್ತಾ ಹೋಗುತ್ತದೆ. ಸಂಕುಚಿಸಲು ಬೇಕಾದ ಎಳೆಗಳನ್ನೇ ಕೋಶ ಕಳೆದುಕೊಂಡು ಗ್ಲೈಕೋಜನ್ ತುಂಬಿಕೊಳ್ಳುತ್ತದೆ. ಹೃದ್ರೋಗ ತಜ್ಞ ರಹೀಂತೂಲ ಅವರು ‘ಹೈಬರ್ನೇಟಿಂಗ್’ (ಸುಪ್ತ) ಎಂದ ಈ ಸ್ಥಿತಿಯಲ್ಲಿ ಸ್ನಾಯು ಬದುಕಿರುತ್ತದೆ, ಕೆಲಸ ಮಾಡುವುದಿಲ್ಲ. ಎಕೋದಲ್ಲಿ ಪಂಪಿಂಗ್ ಕಡಿಮೆ ಕಂಡಾಕ್ಷಣ ‘ಸ್ನಾಯು ಸತ್ತೇಹೋಗಿದೆ’ ಎನ್ನುವುದೂ ಆದ್ದರಿಂದ ತಪ್ಪು. ಹಾಗೆಂದು ಸ್ಟೆಂಟ್ ಹಾಕಿದರೆ ಎಲ್ಲರಿಗೂ ಬಲ ಮರಳುತ್ತದೆ ಎಂದೂ ಅಲ್ಲ: ಬ್ರಿಟನ್ನಿನಲ್ಲಿ 700 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಳ್ಳೆಯ ಔಷಧೋಪಚಾರದ ಜೊತೆ ಸ್ಟೆಂಟ್ ಹಾಕಿದ್ದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲ.

‘ನೋವು ಪದೇ ಪದೇ ಬಂದರೆ ಹೃದಯ ಪಳಗುತ್ತದೆ’ ಎನ್ನುವವರೂ ಇದ್ದಾರೆ. 1986ರಲ್ಲಿ ಸಂಶೋಧಕರಾದ ಮರಿ, ಜೆನ್ನಿಂಗ್ಸ್, ರೈಮರ್ ಅವರು ನಾಯಿಗಳಲ್ಲಿ ರಕ್ತನಾಳವನ್ನು ನಾಲ್ಕು ಬಾರಿ 5 ನಿಮಿಷ ಮುಚ್ಚಿ ತೆರೆದು, ನಂತರ 40 ನಿಮಿಷ ಮುಚ್ಚಿದಾಗ, ಹಾಗೆ ಪಳಗಿಸದ ನಾಯಿಗಳಿಗೆ ಹೋಲಿಸಿದರೆ ಸತ್ತ ಸ್ನಾಯುವಿನ ಪ್ರಮಾಣ ಕಾಲು ಭಾಗಕ್ಕೆ ಇಳಿದದ್ದು ನಿಜ. ಆದರೆ ಆ ರಕ್ಷಣೆ ಒಂದೆರಡು ಗಂಟೆಯಲ್ಲಿ ಕರಗುತ್ತದೆ, ಮರುದಿನ ಮಂದವಾಗಿ ಮರಳಿ ಮೂರು ದಿನದೊಳಗೆ ಮುಗಿಯುತ್ತದೆ. ಹೃದಯಾಘಾತವಾದವರ ತೋಳಿಗೆ ಬಿಪಿ ಪಟ್ಟಿ ಬಿಗಿದು ಸಡಿಲಿಸಿ ಇಂಥದೇ ರಕ್ಷಣೆ ಕೊಡಲು ಯುರೋಪಿನಲ್ಲಿ 5,000ಕ್ಕೂ ಹೆಚ್ಚು ರೋಗಿಗಳಲ್ಲಿ ಯತ್ನಿಸಿದರು. 2019ರ ಫಲಿತಾಂಶ: ಪ್ರಯೋಜನವಿಲ್ಲ. ಪ್ರಯೋಗಾಲಯದ ನಾಯಿಯ ಫಲಿತಾಂಶವನ್ನು ಹಿಡಿದು ಮನೆಯ ಹಿರಿಯರ ನೋವನ್ನು ಕಡೆಗಣಿಸುವುದು ಅಪಾಯ.

ನೋವಿಲ್ಲದಾಗ ತೆಗೆದ ಇಸಿಜಿ ಸರಿಯಿದ್ದರೆ ನಿಶ್ಚಿಂತೆ ಎಂಬುದೂ ಸುಳ್ಳು. ಜೋರಾಗಿ ಕೆಮ್ಮಿ ಹೃದಯಾಘಾತ ತಡೆಯಬಹುದು ಎಂಬುದು ಅದಕ್ಕಿಂತ ದೊಡ್ಡ ಸುಳ್ಳು. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಬಂಧುಗಳಿಗೆಲ್ಲ ಕಳಿಸುವ ನಮಗೆ ಒಬ್ಬ ವೈದ್ಯರನ್ನು ಕೇಳುವಷ್ಟು ತಾಳ್ಮೆ ಇಲ್ಲವೆಂದರೆ ಸಿಟ್ಟು ಬರುತ್ತದೆ.

ಎದೆನೋವು ಹೊಸದಾಗಿ ಶುರುವಾಗಿದ್ದರೆ, ಮೊದಲಿಗಿಂತ ಕಡಿಮೆ ಶ್ರಮಕ್ಕೇ ಬರುತ್ತಿದ್ದರೆ, ಸುಮ್ಮನೆ ಕೂತಾಗಲೂ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಕೂತರೂ ಹೋಗದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ.