ರಾಣಿ ಇಸಬೆಲ್ಲಾಳ ಪಾವಲಿ

1893ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆ ಅಚ್ಚು ಹಾಕಿದ ಬೆಳ್ಳಿಯ ಕಾಲು ಡಾಲರಿನ ಮೇಲೆ ಕಿರೀಟ ತೊಟ್ಟ ಹೆಣ್ಣೊಬ್ಬಳ ಮುಖವಿದೆ. ಆಕೆ ಸ್ಪೇನಿನ ಕ್ಯಾಸ್ಟೀಲ್ ರಾಜ್ಯದ ರಾಣಿ ಇಸಬೆಲ್ಲಾ. ಮಧ್ಯಯುಗ ಮುಗಿಯುತ್ತಿದ್ದ ಕಾಲದಲ್ಲಿ, 1474ರಿಂದ 1504ರವರೆಗೆ ಆಳಿದವಳು. ಕೊಲಂಬಸನ ಯಾನಕ್ಕೆ ಒಪ್ಪಿಗೆ ಕೊಟ್ಟವಳು. ದೊರೆಯ ಆಳ್ವಿಕೆಯನ್ನೇ ಧಿಕ್ಕರಿಸಿ ಹುಟ್ಟಿದ ಅಮೆರಿಕ ತನ್ನ ನಾಣ್ಯದ ಮೇಲೆ ಪರದೇಶದ ಅರಸಿಗೆ ಜಾಗ ಕೊಟ್ಟಿದ್ದು ಅದೇ ಮೊದಲು. ಅಲ್ಲಿಯವರೆಗೆ ಆ ದೇಶದ ನಾಣ್ಯಗಳಲ್ಲಿ ಸ್ವಾತಂತ್ರ್ಯದೇವಿ ಇದ್ದಳೇ ಹೊರತು, ನಿಜವಾಗಿ ಬದುಕಿ ಬಾಳಿದ ಹೆಂಗಸು ಇರಲಿಲ್ಲ.

ಇದನ್ನು ಹಟ ಹಿಡಿದು ಮಾಡಿಸಿಕೊಂಡವರು ಮಹಿಳೆಯರು. ಕೊಲಂಬಸ್ ಅಮೆರಿಕ ತಲುಪಿ 400 ವರ್ಷವಾದ ನೆನಪಿಗೆ ಷಿಕಾಗೋದಲ್ಲಿ ಮಹಾಮೇಳ ಏರ್ಪಟ್ಟಿತ್ತು. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಇದೇ ಮೇಳದ ಭಾಗ. ಮೇಳದ ಮಹಿಳಾ ಮಂಡಳಿಗೆ ಬರ್ತಾ ಪಾಮರ್ ಅಧ್ಯಕ್ಷೆ. ಕೊಲಂಬಸನ ಚಿತ್ರವಿರುವ ಅರ್ಧ ಡಾಲರ್ ಆಗಲೇ ಬಂದಿತ್ತು; ತಮಗೂ ಒಂದು ನಾಣ್ಯ ಬೇಕೆಂದು ಮಂಡಳಿ ಕೇಳಿತು. ಮಾರ್ಚ್‌ನಲ್ಲಿ ಸಂಸತ್ತು 40,000 ನಾಣ್ಯಗಳಿಗೆ ಒಪ್ಪಿತು.

ಚಿತ್ರ ಬರೆಯಲು ಮಂಡಳಿ ಆರಿಸಿದ್ದು ಶಿಲ್ಪಿ ಕ್ಯಾರೊಲಿನ್ ಪೆಡಲ್‌ರನ್ನು. ಟಂಕಸಾಲೆಯ ಅಧಿಕಾರಿಗಳೊಂದಿಗೆ ಹೊಂದಿಕೆಯಾಗದೆ ಅವರು ಕೆಲಸ ಬಿಟ್ಟರು. ಉಳಿದದ್ದನ್ನು ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಮುಗಿಸಿದರು. ಹಿಂಬದಿಯಲ್ಲಿ ಮಂಡಿಯೂರಿ ಕದಿರು ಹಿಡಿದು ನೂಲುವ ಹೆಣ್ಣು. ಮೇಳದಲ್ಲಿ ಸೋಫಿಯಾ ಹೇಡನ್ ಎಂಬ ತರುಣಿ ವಿನ್ಯಾಸ ಮಾಡಿದ ದೊಡ್ಡ ಕಟ್ಟಡದಲ್ಲಿ ತಮ್ಮ ಕಲೆ, ಆವಿಷ್ಕಾರಗಳನ್ನೆಲ್ಲ ಮೆರೆಸಿದ ಮಹಿಳೆಯರಿಗೆ ಆ ಚಿತ್ರ ಯಾವ ರೀತಿಯಲ್ಲೂ ಸಾಟಿಯಲ್ಲ. ಇನ್ನೊಂದು ಸೋಜಿಗವೂ ಇದೆ: ನಾಣ್ಯದಲ್ಲಿ ಮಹಿಳಾ ಮಂಡಳಿಯ ಹೆಸರಿದೆ, ಇಸಬೆಲ್ಲಾಳ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಒಡವೆ ಅಡವಿಟ್ಟು ಕೊಲಂಬಸನಿಗೆ ಹಣ ಹೊಂದಿಸಿದಳೆಂಬ ಕಥೆಯೇ ಆಕೆಯ ಕೀರ್ತಿಯನ್ನು ಬೆಳೆಸಿತ್ತು. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಕೊಲಂಬಸ್ ಹೊರಟ 1492ರಲ್ಲೇ ಆಕೆ ಮತ್ತು ಗಂಡ ಫರ್ಡಿನಾಂಡ್, ಮತಾಂತರಕ್ಕೆ ಒಪ್ಪದ ಯಹೂದಿಗಳನ್ನು ದೇಶದಿಂದ ಹೊರಗಟ್ಟಿದರು. ರಾಣಿಯನ್ನು ಮೆಚ್ಚುವವರು ಇದನ್ನೂ ಮರೆಯಬಾರದು.

ಮಹಿಳೆಯರು ಮೇಳದಲ್ಲಿ ಪಾಲು ಪಡೆಯಲೇಬೇಕೆಂದು ಹೋರಾಡಿದವರಲ್ಲಿ ಸೂಸನ್ ಬಿ. ಆಂಥನಿ ಒಬ್ಬರು. ಇಸಬೆಲ್ಲಾಳ ಪಾವಲಿ ಮೇಳದಲ್ಲಿ ಮಾರಲೆಂದು ಮಾಡಿದ ಸ್ಮಾರಕ ನಾಣ್ಯ; ಅಮೆರಿಕದ ಚಲಾವಣೆಯ ನಾಣ್ಯದಲ್ಲಿ ಮೊದಲು ಮೂಡಿದ ನಿಜವಾದ ಮಹಿಳೆಯ ಮುಖ ಅವರದೇ, ಅದೂ 1979ರಷ್ಟು ತಡವಾಗಿ.

ಪಾವಲಿಯ ಮಾರಾಟ ಸೋತದ್ದು ಬೆಲೆಯಿಂದ. ಕಾಲು ಡಾಲರಿನ ಈ ನಾಣ್ಯಕ್ಕೆ ಒಂದು ಡಾಲರ್. ಅದೇ ಮೇಳದಲ್ಲಿ ಕೊಲಂಬಸನ ಅರ್ಧ ಡಾಲರಿಗೂ ಒಂದೇ ಡಾಲರ್. ಜನ ದೊಡ್ಡದನ್ನೇ ಕೊಂಡರು. ಉಳಿದ 15,809 ಪಾವಲಿಗಳು ಟಂಕಸಾಲೆಗೆ ಹಿಂದಿರುಗಿ ಕರಗಿಹೋದವು. ಹೊರಗೆ ಉಳಿದವು ಸುಮಾರು 24,000 ಮಾತ್ರ. ಕೊಲಂಬಸನ ನಾಣ್ಯಗಳೋ ಲಕ್ಷಗಟ್ಟಲೆ. ಹಾಗಾಗಿ ಇಂದು ಸಂಗ್ರಾಹಕರು ರಾಣಿಯ ಪಾವಲಿಗೆ ಕೊಲಂಬಸನ ನಾಣ್ಯಕ್ಕಿಂತ ಹಲವು ಪಟ್ಟು ಹಣ ಕೊಡುತ್ತಾರೆ.