ಸಾವಿರ ರೂಪಾಯಿಯ ಹಳಿ

ಸಾದಲಿಯಲ್ಲಿ ರೈಲು ನಿಲ್ದಾಣವಿಲ್ಲ. ಈ ಹೋಬಳಿಯವರು ರೈಲು ಹತ್ತಬೇಕೆಂದರೆ ಶಿಡ್ಲಘಟ್ಟಕ್ಕೋ ಚಿಕ್ಕಬಳ್ಳಾಪುರಕ್ಕೋ ಬರಬೇಕು. ಅಲ್ಲಿಂದ ಉತ್ತರಕ್ಕೆ, ಗುಡಿಬಂಡೆ, ಬಾಗೇಪಲ್ಲಿ ಕಡೆಗೆ ಹಳಿಯೇ ಇಲ್ಲ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಗೌರಿಬಿದನೂರಿನವರು ತಮ್ಮ ಜಿಲ್ಲಾ ಕೇಂದ್ರಕ್ಕೆ ರೈಲಿನಲ್ಲೇ ಬರುತ್ತೇವೆಂದರೆ ಇವತ್ತಿಗೂ ಯಲಹಂಕದವರೆಗೆ ಇಳಿದು ಹೋಗಿ, ಗಾಡಿ ಬದಲಿಸಿ, ಮತ್ತೆ ಮೇಲಕ್ಕೆ ಬರಬೇಕು. ಚಿಕ್ಕಬಳ್ಳಾಪುರ–ಗೌರಿಬಿದನೂರು ನಡುವಿನ 44 ಕಿ.ಮೀ. ಮಾರ್ಗವೂ, ಚಿಕ್ಕಬಳ್ಳಾಪುರದಿಂದ ಪುಟ್ಟಪರ್ತಿಗೆ ಹೋಗಬೇಕಾದ 103 ಕಿ.ಮೀ. ಮಾರ್ಗವೂ ರೈಲ್ವೆಯ ಪಟ್ಟಿ ಸೇರಿ ಹತ್ತು ವರ್ಷ ಮೀರಿತು. ಕಾಗದದ ಮೇಲೆ ಎರಡೂ ಇವೆ. ನೆಲದ ಮೇಲೆ ಒಂದೂ ಇಲ್ಲ.

ಪ್ರತಿ ವರ್ಷ ಬಜೆಟ್ ಮಂಡನೆಯಾದ ಮೇಲೆ ರೈಲ್ವೆ ಇಲಾಖೆ 'ಪಿಂಕ್ ಬುಕ್' ಎಂಬ ಪುಸ್ತಕವನ್ನು ಹೊರಗೆ ತರುತ್ತದೆ. ಯಾವ ಕಾಮಗಾರಿಗೆ ಆ ವರ್ಷ ಎಷ್ಟು ಹಣ ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಕೋಟಿಗಳ ಸಾಲುಗಳ ನಡುವೆ ಕೆಲವು ಮಾರ್ಗಗಳ ಎದುರು ಬರೀ ಒಂದು ಸಾವಿರ ರೂಪಾಯಿ ಕಾಣುತ್ತದೆ. ಅಚ್ಚಿನ ತಪ್ಪಲ್ಲ ಅದು. ಯೋಜನೆಯನ್ನು ಪಟ್ಟಿಯಿಂದ ತೆಗೆದಿಲ್ಲ, ಆದರೆ ಈ ವರ್ಷ ಕೆಲಸವನ್ನೂ ಮಾಡುವುದಿಲ್ಲ ಎಂದು ಇಲಾಖೆ ಹೇಳುವ ರೀತಿ. ಸಾವಿರ ರೂಪಾಯಿಗೆ ಸರ್ವೆ ಕಲ್ಲು ನೆಡುವ ಕೂಲಿಯೂ ಹುಟ್ಟುವುದಿಲ್ಲ. ಆದರೂ 'ನಮ್ಮ ಮಾರ್ಗ ಬಜೆಟ್ಟಿನಲ್ಲಿದೆ' ಎಂದು ಭಾಷಣ ಮಾಡಲು ಅಷ್ಟು ಸಾಕಾಗುತ್ತದೆ.

ರೈಲ್ವೆಯ ಕೈಯಲ್ಲಿ ಹಣವೇ ಇಲ್ಲವೆ? ಲೆಕ್ಕ ನೋಡೋಣ. 2023–24ರಲ್ಲಿ ಭಾರತೀಯ ರೈಲ್ವೆಯ ಆದಾಯ ಸುಮಾರು 2.56 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಸರಕು ಸಾಗಣೆಯಿಂದ ಬಂದದ್ದು 1.68 ಲಕ್ಷ ಕೋಟಿ, ಪ್ರಯಾಣಿಕರಿಂದ 70 ಸಾವಿರ ಕೋಟಿಯ ಆಸುಪಾಸು. ಸರಕಿನಲ್ಲಿ ತೂಕದ ಲೆಕ್ಕದಲ್ಲಿ ಅರ್ಧದಷ್ಟು ಕಲ್ಲಿದ್ದಲೇ. ಆ ವರ್ಷ ನಿರ್ವಹಣಾ ಅನುಪಾತ ಶೇ 98.43. ಅಂದರೆ ನೂರು ರೂಪಾಯಿ ದುಡಿದರೆ ಸಂಬಳ, ಪಿಂಚಣಿ, ವಿದ್ಯುತ್ತು, ಡೀಸೆಲ್, ದುರಸ್ತಿಗೆ ಹೋಗಿ ಉಳಿದದ್ದು ಒಂದೂವರೆ ರೂಪಾಯಿ. ಪ್ರಯಾಣಿಕನೊಬ್ಬನನ್ನು ಸಾಗಿಸಲು ನೂರು ರೂಪಾಯಿ ಖರ್ಚಾದರೆ ಟಿಕೆಟಿನಿಂದ ಬರುವುದು 54 ಎಂದು ರೈಲ್ವೆ ಸಚಿವರೇ ಸಂಸತ್ತಿನಲ್ಲಿ ಹೇಳಿದ್ದಾರೆ. ಮಿಕ್ಕದ್ದನ್ನು ತುಂಬಿಕೊಡುವುದು ಗೂಡ್ಸ್ ಗಾಡಿಗಳು. ಕೋಲಾರ–ಚಿಕ್ಕಬಳ್ಳಾಪುರದಂಥ ಮಾರ್ಗದಲ್ಲಿ ಇನ್ನೊಂದು ಪ್ಯಾಸೆಂಜರ್ ಗಾಡಿ ಓಡಿಸಿ ಎಂದರೆ ಅಧಿಕಾರಿಗಳು ಹಿಂದೆ ಮುಂದೆ ನೋಡುವುದಕ್ಕೆ ಕಾರಣ ಇಲ್ಲಿದೆ.

ಆದರೆ ಹೊಸ ಹಳಿಯ ಪ್ರಶ್ನೆ ಬೇರೆ. ಅದಕ್ಕೆ ಹಣ ಈ ಒಂದೂವರೆ ರೂಪಾಯಿಯಿಂದ ಬರುವುದಿಲ್ಲ. ಕೇಂದ್ರ ಸರ್ಕಾರ ತನ್ನ ಬೊಕ್ಕಸದಿಂದ ಕೊಡುತ್ತದೆ. 2025–26ಕ್ಕೆ ಹಾಗೆ ಕೊಟ್ಟದ್ದು 2.52 ಲಕ್ಷ ಕೋಟಿ ರೂಪಾಯಿ, ಕರ್ನಾಟಕದ ಪಾಲೆಂದು ಘೋಷಿಸಿದ್ದು 7,564 ಕೋಟಿ. 2009ರಿಂದ 2014ರವರೆಗೆ ರಾಜ್ಯಕ್ಕೆ ಸಿಗುತ್ತಿದ್ದ ವಾರ್ಷಿಕ ಸರಾಸರಿ 835 ಕೋಟಿ ಎಂದು ಇಲಾಖೆಯೇ ಹೇಳಿಕೊಳ್ಳುತ್ತದೆ. ಮೊತ್ತ ಒಂಬತ್ತು ಪಟ್ಟು ಬೆಳೆದಿರುವಾಗ 44 ಕಿ.ಮೀ. ಹಳಿಗೆ ಹಣದ ಕೊರತೆ ಎಂಬ ಮಾತನ್ನು ನಾನು ಒಪ್ಪಲಾರೆ. ಕೊರತೆ ಇರುವುದು ಆದ್ಯತೆಯಲ್ಲಿ.

ನಮ್ಮ ಸೀಮೆಗೆ ಮೊದಲು ರೈಲು ಬಂದ ಬಗೆಯನ್ನು ನೆನೆಯಬೇಕು. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಪುಟ್ಟ ಹಳಿ ಬಿತ್ತು. ಯಶವಂತಪುರದ ಕಡೆಯಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರಕ್ಕೆ ಬಂದದ್ದು ಇನ್ನೊಂದು. ಆ ದಶಕ ಮುಗಿಯುವುದರೊಳಗೆ ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಎರಡೂ ಕೂಡಿಕೊಂಡವು. ಕೋಲಾರದ ಕಡೆಯದಕ್ಕೆ ಹೆಸರೇ ಕೋಲಾರ ಜಿಲ್ಲಾ ಬೋರ್ಡ್ ರೈಲ್ವೆ. ಚಿಕ್ಕಬಳ್ಳಾಪುರದ್ದು ಒಂದು ಲೈಟ್ ರೈಲ್ವೆ ಕಂಪನಿಯದು. ಲಾಭವೋ ನಷ್ಟವೋ, ಲೆಕ್ಕ ಇಲ್ಲೇ ಹತ್ತಿರದಲ್ಲಿತ್ತು. ಮುಂದೆ ಈ ಹಳಿ ಮೈಸೂರು ಸ್ಟೇಟ್ ರೈಲ್ವೆಗೆ, 1951ರಲ್ಲಿ ದಕ್ಷಿಣ ರೈಲ್ವೆಗೆ, 2003ರಿಂದ ಹುಬ್ಬಳ್ಳಿಯ ನೈರುತ್ಯ ರೈಲ್ವೆಗೆ ಸೇರಿತು. ಚಿಕ್ಕಬಳ್ಳಾಪುರ–ಕೋಲಾರ ನಡುವಿನ ನ್ಯಾರೋಗೇಜ್ ಕಿತ್ತು ಬ್ರಾಡ್‌ಗೇಜ್ ಹಾಕಿ ಗಾಡಿ ಓಡಿಸುವ ಹೊತ್ತಿಗೆ 2013ರ ನವೆಂಬರ್ ಬಂದಿತ್ತು.

ಲೆಕ್ಕ ಇನ್ನೂ ದೂರ ಸರಿದದ್ದು 2017ರಲ್ಲಿ. ಆಕ್ವರ್ತ್ ಸಮಿತಿಯ ಸಲಹೆಯಂತೆ 1924ರಿಂದ ಬೇರೆಯಾಗಿದ್ದ ರೈಲ್ವೆ ಬಜೆಟ್ಟನ್ನು ಆ ವರ್ಷ ಸಾಮಾನ್ಯ ಬಜೆಟ್ಟಿಗೆ ಸೇರಿಸಲಾಯಿತು. ಬಿಬೇಕ್ ದೇಬ್ರಾಯ್ ಸಮಿತಿ ಅದಕ್ಕೆ ಶಿಫಾರಸು ಮಾಡಿತ್ತು. ರೈಲ್ವೆ ಸರ್ಕಾರಕ್ಕೆ ಪ್ರತಿ ವರ್ಷ ಕಟ್ಟುತ್ತಿದ್ದ ಲಾಭಾಂಶದ ಹೊರೆ ಇಳಿಯಿತು, ಅದು ಒಳ್ಳೆಯದೇ. ಆದರೆ ಸಚಿವರು ಸದನದಲ್ಲಿ ಊರಿನ ಹೆಸರು ಹಿಡಿದು ಮಾರ್ಗಗಳನ್ನು ಹೇಳುತ್ತಿದ್ದ, ಇಡೀ ದೇಶ ರೇಡಿಯೊ ಹಚ್ಚಿ ಕೇಳುತ್ತಿದ್ದ ಆ ಒಂದು ದಿನ ಹೋಯಿತು. ಈಗ ಬಜೆಟ್ ಭಾಷಣದಲ್ಲಿ ರೈಲ್ವೆಗೆ ಸಿಗುವುದು ಕೆಲವೇ ಸಾಲು. ಸಾದಲಿಯಂಥ ಊರಿನ ದನಿಗೆ ಇದರಿಂದ ನಷ್ಟವಾಗಿದೆ ಎಂದೇ ನನ್ನ ಭಾವನೆ.

ನಮ್ಮ ಸೀಮೆಯ ಹಳಿಗೆ ಸರಕು ಎಲ್ಲಿದೆ ಎಂದು ಕೇಳುವವರಿದ್ದಾರೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ, ಚಿಂತಾಮಣಿಯ ಟೊಮೆಟೊ ಮಂಡಿ ನೋಡಿದವರು ಹಾಗೆ ಕೇಳುವುದಿಲ್ಲ. 2021ರ ಜೂನ್‌ನಲ್ಲಿ ಇದೇ ಕೋಲಾರ–ಚಿಕ್ಕಬಳ್ಳಾಪುರ ಹಳಿಯ ಮೇಲೆ ಶ್ರೀನಿವಾಸಪುರ ಸೀಮೆಯ ಮಾವು ಕಿಸಾನ್ ರೈಲಿನಲ್ಲಿ ದೆಹಲಿಗೆ ಹೋಯಿತು. ಸಾಗಣೆ ದರದ ಅರ್ಧವನ್ನು ಆಹಾರ ಸಂಸ್ಕರಣಾ ಇಲಾಖೆ ಭರಿಸುತ್ತಿತ್ತು. ಆ ಸಹಾಯಧನ ನಿಂತ ಮೇಲೆ ಕಿಸಾನ್ ರೈಲುಗಳೂ ವಿರಳವಾದವು. ಸರಕು ಇತ್ತು, ಅದನ್ನು ಹೊರುವ ಲೆಕ್ಕವನ್ನು ಯಾರೂ ಗಟ್ಟಿ ಮಾಡಲಿಲ್ಲ.

ಬರುವ ಫೆಬ್ರುವರಿಯಲ್ಲಿ ಹೊಸ ಪಿಂಕ್ ಬುಕ್ ಬರುತ್ತದೆ. ರೈಲ್ವೆ ಮಂಡಳಿಯ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ನೈರುತ್ಯ ರೈಲ್ವೆಯ ಪುಟ ತೆಗೆದು ನಮ್ಮ ಎರಡು ಮಾರ್ಗಗಳ ಸಾಲನ್ನು ಹುಡುಕಿ. ಮುಂದೆ ಬರೆದ ಅಂಕಿಯನ್ನು ಕಾಗದದ ಮೇಲೆ ಬರೆದುಕೊಂಡು ನಿಮ್ಮ ಸಂಸದರ ಕಚೇರಿಗೆ ಹೋಗಿ, ಈ ವರ್ಷ ಇಷ್ಟೇ ಏಕೆ ಎಂದು ಕೇಳಿ; ಉತ್ತರವನ್ನು ಲಿಖಿತವಾಗಿಯೇ ಪಡೆಯಿರಿ.